ಕೊನೆಯ ಸಾಲನ್ನೂ ಓದಿ



ಪತ್ರಿಕೆ ಕೈಗೆ ಬಂದ ಕೂಡಲೇ ನಾನು ಮೊದಲು ತಿರುವುವುದು ಅಡುಗೆಯ ಪುಟಗಳನ್ನು. ನಿಮ್ಮಲ್ಲಿಯೂ ಹಲವರು ಹೀಗೆಯೇ ಇರಬಹುದು. ಆದರೆ ಈ ಸಲ ಒಲೆಯ ಮೇಲಿನ ಬಾಣಲೆಯನ್ನು ಸ್ವಲ್ಪ ಕೆಳಗಿಳಿಸಿ ನನ್ನ ಮಾತು ಕೇಳಿ. ನಾನು ಡಾಕ್ಟರಲ್ಲ, ಹೈಸ್ಕೂಲಿನ ಮೇಲೆ ಓದಿದವಳೂ ಅಲ್ಲ. ತಿಪಟೂರಿನಲ್ಲಿ ಅತ್ತೆಯವರು, ಗಂಡ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿರುವ 44 ವರ್ಷದ ಗೃಹಿಣಿ. ನನ್ನ ಅಕ್ಕನ ಕಾಯಿಲೆಯಿಂದ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾಲ್ಕು ಜನರೆದುರು ಆಡಲು ನಾಚಿಕೆಯಾಗುವ ವಿಷಯ, ನಿಜ. ಆ ನಾಚಿಕೆಗೆ ನಾವು ಬಹಳ ಬೆಲೆ ತೆತ್ತಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಕ್ಕ ಇರುವುದು ಅರಸೀಕೆರೆಯಲ್ಲಿ. ರೈಲು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ಭಾವನವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2023ರ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅವಳ ಮನೆಗೆ ಹೋಗಿದ್ದೆ. ಪ್ರತಿ ವರ್ಷ ಬೆಳಗಿನ ಜಾವಕ್ಕೇ ಎದ್ದು ಪೂಜೆಗೆ ಅಣಿ ಮಾಡುವ ಅಕ್ಕ ಅಂದು ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕುಳಿತಿದ್ದಳು. "ಯಾಕಕ್ಕಾ?" ಎಂದೆ. "ಮತ್ತೆ ಹೊರಗಾಗಿದೀನಿ ಕಣೇ. ಹೋದ ವಾರ ತಾನೇ ಆಗಿತ್ತು. ತಿಂಗಳಿಗೆ ಮೂರು ಸಲ ಆಗ್ತಾ ಇದೆ" ಎಂದಳು.

ಆಗ ನಾನು ಏನು ಹೇಳಿದೆ ಗೊತ್ತೇ? "ನಿನಗೂ 47 ಆಯ್ತಲ್ಲಕ್ಕಾ, ನಿಲ್ಲೋ ಸಮಯ. ಎಲ್ಲರಿಗೂ ಹೀಗೇ ಆಗುತ್ತೆ, ಬಿಡು" ಎಂದೆ. ಈ ಮಾತು ಇಂದಿಗೂ ನನ್ನ ಗಂಟಲಲ್ಲಿ ಮುಳ್ಳಿನಂತೆ ಚುಚ್ಚುತ್ತದೆ. ನೀವೂ ನಿಮ್ಮ ಅಕ್ಕನಿಗೋ ಓರಗಿತ್ತಿಗೋ ಇದೇ ಮಾತು ಹೇಳಿದ್ದೀರಿ, ಅಲ್ಲವೇ? ಪ್ರೀತಿಯಿಂದಲೇ ಹೇಳಿರುತ್ತೀರಿ. ನಾನೂ ಪ್ರೀತಿಯಿಂದಲೇ ಹೇಳಿದ್ದೆ.

ನಮಗೆ ಧೈರ್ಯ ಕೊಟ್ಟ ಇನ್ನೊಂದು ವಿಷಯವೂ ಇತ್ತು. 2022ರಲ್ಲಿ ಒಂದು ಆರೋಗ್ಯ ಶಿಬಿರದಲ್ಲಿ ಅಕ್ಕ ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾಡಿಸಿಕೊಂಡಿದ್ದಳು. ಗರ್ಭಕೋಶದ ಬಾಯಿಯಿಂದ ಸ್ವಲ್ಪ ಲೋಳೆಯನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಲ್ಲ, ಅದು. 'ನಾರ್ಮಲ್' ಎಂದು ಬಂದ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಳು. "ಆಗಲೇ ನೋಡಿದಾರಲ್ಲ, ಏನೂ ಇಲ್ಲ ಅಂದಿದಾರಲ್ಲ" ಎಂದು ನಾವು ನಿಶ್ಚಿಂತೆಯಿಂದ ಇದ್ದುಬಿಟ್ಟೆವು. ಊರಿನ ಡಾಕ್ಟರರೊಬ್ಬರು ಒಳಗೆ ಪರೀಕ್ಷಿಸದೆ, ರಕ್ತ ನಿಲ್ಲಲು ಎರಡು ತಿಂಗಳ ಮಾತ್ರೆ ಬರೆದುಕೊಟ್ಟರು. ನಿಂತಂತಾಗುವುದು, ಮತ್ತೆ ಶುರುವಾಗುವುದು. ಹೀಗೇ ದೀಪಾವಳಿಯೂ ಕಳೆಯಿತು.

2024ರ ಸಂಕ್ರಾಂತಿಯ ಮರುದಿನ ಅಕ್ಕ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ನಾನು ಓಡಿಹೋದೆ. ಅಂದು ರಾತ್ರಿ ಪಕ್ಕದಲ್ಲಿ ಮಲಗಿದ್ದಾಗ ಮೆಲ್ಲಗೆ ಹೇಳಿದಳು: "ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ ಕಣೇ. ಅವರ ಜೊತೆ ಸೇರಿದಾಗಲೆಲ್ಲ ರಕ್ತ ಬರುತ್ತೆ. ಏಳೆಂಟು ತಿಂಗಳಾಯ್ತು. ವಾಸನೆಯೂ ಇದೆ. ಹೇಗೆ ಹೇಳೋದು?" ನನ್ನ ಬೆನ್ನುಹುರಿಯಲ್ಲಿ ನಡುಕ ಹುಟ್ಟಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನಗೂ ಹೇಳಿಕೊಳ್ಳಲಾರದೆ ಅಷ್ಟು ದಿನ ನುಂಗಿಕೊಂಡಿದ್ದಳು!

ಮರುದಿನವೇ ಹಾಸನಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರು ಮಾತ್ರೆ ಬರೆಯುವ ಮೊದಲು ಮಲಗಿಸಿ ಪರೀಕ್ಷಿಸಿದರು. ಗರ್ಭಕಂಠದಲ್ಲಿ ಬೆಳವಣಿಗೆ ಕಣ್ಣಿಗೇ ಕಾಣುತ್ತಿತ್ತಂತೆ. ಒಂದು ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿ, "ರಿಪೋರ್ಟ್ ಬರೋ ತನಕ ಬೇರೆ ಏನೂ ಮಾಡಿಸಬೇಡಿ" ಎಂದರು.

ಆದರೆ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೆಂಗಸಿಗೆ ರಕ್ತ ಹೋಗುತ್ತಿದೆ ಎಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಗರ್ಭಕೋಶ ತೆಗೆಸಿಬಿಡಿ." ಅಕ್ಕನ ಅತ್ತೆಯವರು, "ಮಕ್ಕಳಾಯ್ತು, ವಯಸ್ಸಾಯ್ತು. ಆ ಚೀಲ ಇದ್ದೇನು, ಹೋಗಿದ್ದೇನು?" ಎಂದರು. ಪಾಪ, ಅವರಿಗೂ ಸೊಸೆ ಉಳಿಯಲಿ ಎಂಬ ಆಸೆಯೇ. ಭಾವನವರು ಒಂದು ನರ್ಸಿಂಗ್ ಹೋಮಿಗೆ ಹೋಗಿ ಮುಂಗಡವನ್ನೂ ಕಟ್ಟಿ ಬಂದರು. ಆಪರೇಷನ್ ಸೋಮವಾರ ಎಂದು ಗೊತ್ತಾಯಿತು.

ಬಯಾಪ್ಸಿಯ ರಿಪೋರ್ಟ್ ಬಂದದ್ದು ಶನಿವಾರ. ಕ್ಯಾನ್ಸರ್ ಎಂಬ ಒಂದು ಪದ ಓದಿದ್ದೇ ತಡ, ಮನೆಯಲ್ಲಿ ಅಳು ಶುರುವಾಯಿತು. ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿ ಇಟ್ಟುಬಿಟ್ಟರು. ಬಿ.ಎಸ್ಸಿ. ಓದುತ್ತಿರುವ ನನ್ನ ದೊಡ್ಡ ಮಗಳು ಅದನ್ನು ತೆಗೆದು ಪೂರ್ತಿ ಓದಿ, "ಅಮ್ಮಾ, ಕೊನೇ ಸಾಲು ಯಾರಾದ್ರೂ ಓದಿದ್ರಾ?" ಎಂದಳು. ಜೀವಕೋಶಗಳು ಚಿಕ್ಕದಾಗಿವೆ, ಅವು ಯಾವ ಜಾತಿಯವು ಎಂದು ಸ್ಪಷ್ಟವಾಗುತ್ತಿಲ್ಲ, ಇಮ್ಯುನೊ ಪರೀಕ್ಷೆ ಮಾಡಿಸುವುದು ಅಗತ್ಯ ಎಂದು ಅದರಲ್ಲಿ ಬರೆದಿತ್ತು.

ಹಾಸನದ ಡಾಕ್ಟರಿಗೆ ಫೋನ್ ಮಾಡಿದೆ. "ಸೋಮವಾರದ ಆಪರೇಷನ್ ನಿಲ್ಲಿಸಿ. ಲ್ಯಾಬಿನಿಂದ ಬ್ಲಾಕು, ಸ್ಲೈಡು ಎರಡನ್ನೂ ಕೇಳಿ ತಗೊಂಡು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ" ಎಂದರು. ಇದನ್ನು ಹೇಳಿದಾಗ ಭಾವನವರಿಗೆ ಕೋಪ ಬಂತು. "ಇನ್ನೂ ಹತ್ತು ದಿನ ಕಾಯೋದಾ? ಅಷ್ಟರಲ್ಲಿ ಏನಾದ್ರೂ ಆದ್ರೆ ನೀನು ಜವಾಬ್ದಾರೀನಾ ಅಮ್ಮಾ?" ಎಂದು ಕೇಳಿದರು. ನಾನು ಏನೆಂದು ಉತ್ತರ ಕೊಡಲಿ? ಕೈಕಾಲು ನಡುಗುತ್ತಿತ್ತು. ಹಿಂದೊಮ್ಮೆ "ಬಿಡು, ವಯಸ್ಸು" ಎಂದು ತಪ್ಪು ಮಾಡಿದವಳು ನಾನೇ; ಈಗ "ಕಾಯಿರಿ" ಎನ್ನುತ್ತಿರುವವಳೂ ನಾನೇ. ಕೊನೆಗೆ ಅಕ್ಕನೇ ಎದ್ದು ಕುಳಿತು, "ಕತ್ತರಿಸೋಕೆ ಮುಂಚೆ ಅದೇನು ಅಂತ ನನಗೂ ಗೊತ್ತಾಗಲಿ" ಎಂದಳು. ಭಾವನವರು ಮರುಮಾತಾಡಲಿಲ್ಲ.

ಬ್ಲಾಕ್ ಎಂದರೇನು ಎಂದು ನನಗೂ ಗೊತ್ತಿರಲಿಲ್ಲ. ದೇಹದಿಂದ ತೆಗೆದ ಚೂರನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟು, ಆಮೇಲೆ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡುತ್ತಾರೆ. ನಮ್ಮ ಉಗುರಿನಷ್ಟಗಲದ ತುಂಡು. ಅದರಿಂದ ಈರುಳ್ಳಿಯ ಪೊರೆಗಿಂತ ತೆಳುವಾದ ಹಾಳೆಗಳನ್ನು ಹೆರೆದು, ಗಾಜಿನ ಮೇಲೆ ಇಟ್ಟು, ಬಣ್ಣ ಹಾಕಿ ನೋಡುತ್ತಾರೆ. ಆ ಅಚ್ಚು ಎಷ್ಟೋ ವರ್ಷ ಕೆಡುವುದಿಲ್ಲ. ಬೇರೆ ಕಡೆ ತೋರಿಸಬೇಕೆಂದು ಕೇಳಿದರೆ ಲ್ಯಾಬಿನವರು ಸಹಿ ಹಾಕಿಸಿಕೊಂಡು ಕೊಡುತ್ತಾರೆ. ನಾನು ಅದನ್ನು ಸೆರಗಿನ ಗಂಟಿನಲ್ಲಿ ಚಿನ್ನ ಕಟ್ಟಿಕೊಂಡವಳಂತೆ ಹಿಡಿದು ರೈಲಿನಲ್ಲಿ ಬೆಂಗಳೂರಿಗೆ ಹೋದೆ.

ಒಂಬತ್ತು ದಿನಕ್ಕೆ ಉತ್ತರ ಬಂತು. 'ಗರ್ಭಕಂಠದ ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ.' ಇಷ್ಟುದ್ದದ ಹೆಸರನ್ನು ನಾನು ಇಪ್ಪತ್ತು ಸಲ ಬರೆದು ಕಲಿತೆ. ಬೆಂಗಳೂರಿನ ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ನ್ಯೂರೋ ಎಂದರೆ ನರಕ್ಕೆ ಸಂಬಂಧಿಸಿದ್ದು. ಎಂಡೋಕ್ರೈನ್ ಎಂದರೆ ಹಾರ್ಮೋನ್ ಸುರಿಸುವ ಗ್ರಂಥಿಗಳಿಗೆ ಸಂಬಂಧಿಸಿದ್ದು. ಈ ಎರಡೂ ಗುಣಗಳುಳ್ಳ ಜೀವಕೋಶಗಳು ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿ ಹೀಗೆ ಹಲವು ಕಡೆ ಇರುತ್ತವೆ. ಹಿಂದಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗಡ್ಡೆ ಎಂದು 2018ರಲ್ಲಿ ತಿಳಿಸಿದ್ದು, 2020ರಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಈ ಗಡ್ಡೆಗಳಲ್ಲಿ ನಿಧಾನವಾಗಿ ಬೆಳೆಯುವುವೂ ಇವೆ, ಬಿರುಸಾಗಿ ಬೆಳೆಯುವುವೂ ಇವೆ. ಗರ್ಭಕಂಠದಲ್ಲಿ ಬರುವುದೇ ಅಪರೂಪ. ಅಲ್ಲಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದೋ ಎರಡೋ. ಬಂದರೆ ಹೆಚ್ಚಾಗಿ ಬಿರುಸಿನ ಜಾತಿಯದೇ ಬರುತ್ತದೆ.

"ಮೊದಲನೇ ಪರೀಕ್ಷೆಯಲ್ಲೇ ಯಾಕೆ ಗೊತ್ತಾಗಲಿಲ್ಲ ಡಾಕ್ಟ್ರೇ?" ಎಂದು ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಮೈದಾಹಿಟ್ಟು, ಅಕ್ಕಿಹಿಟ್ಟು ಎರಡನ್ನೂ ಹೆಸರು ಬರೆಯದ ಡಬ್ಬಿಗಳಲ್ಲಿ ತುಂಬಿಟ್ಟರೆ ನೋಡುವುದಕ್ಕೆ ಎರಡೂ ಬೆಳ್ಳಗೆ. ನೀರು ಹಾಕಿ ಕಲಸಿ ನೋಡಿ. ಮೈದಾ ರಬ್ಬರಿನಂತೆ ಎಳೆಯುತ್ತದೆ, ಅಕ್ಕಿಹಿಟ್ಟು ಬಿರಿಯುತ್ತದೆ. ಹಾಗೆಯೇ ಮಾಮೂಲಿ ಬಣ್ಣ ಹಾಕಿದಾಗ ಈ ಪುಟ್ಟ ನೀಲಿ ಕೋಶಗಳು ಬೇರೆ ಕ್ಯಾನ್ಸರಿನ ಕೋಶಗಳಂತೆಯೂ ಕಾಣಬಹುದು, ರಕ್ತದ ಬಿಳಿ ಕಣಗಳಂತೆಯೂ ಕಾಣಬಹುದು. ಇಮ್ಯುನೊ ಪರೀಕ್ಷೆಯಲ್ಲಿ ನರ–ಗ್ರಂಥಿ ಜಾತಿಯ ಕೋಶಗಳಿಗೆ ಅಂಟಿಕೊಳ್ಳುವ ವಸ್ತುಗಳನ್ನು ಹಾಕುತ್ತಾರೆ. ಅಂಟಿಕೊಂಡರೆ ಅಲ್ಲಿ ಕಂದು ಬಣ್ಣ ಏಳುತ್ತದೆ. ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್, ಸಿ.ಡಿ. 56 ಎಂದು ಅವುಗಳ ಹೆಸರು. ಒಂದನ್ನೇ ನಂಬದೆ ಮೂರ್ನಾಲ್ಕನ್ನು ಹಾಕಿ ನೋಡುತ್ತಾರೆ. ಅಕ್ಕನ ಚೂರಿನಲ್ಲಿ ಈ ಮೂರೂ ಕಂದಾಗಿದ್ದವು.

"ಹಾಗಾದ್ರೆ 2022ರ ಸ್ಮಿಯರ್ ಸುಳ್ಳಾ?" ಎಂದರು ಭಾವನವರು. ಸುಳ್ಳಲ್ಲವಂತೆ. ಈ ಪರೀಕ್ಷೆಗೆ ಗ್ರೀಸ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಪಾಪನಿಕೊಲಾವು ಅವರ ಹೆಸರು. ಸ್ತ್ರೀರೋಗ ತಜ್ಞ ಡಾ. ಟ್ರಾಟ್ ಜೊತೆಗೂಡಿ ಅವರು 1943ರಲ್ಲಿ ಇದರ ಪುಸ್ತಕ ಪ್ರಕಟಿಸಿದರು. ಅವರ ಹೆಂಡತಿ ವರ್ಷಗಟ್ಟಲೆ ತಮ್ಮನ್ನೇ ಈ ಪರೀಕ್ಷೆಗೆ ಒಡ್ಡಿಕೊಂಡರಂತೆ. ಆ ತಾಯಿಯ ಋಣ ನಮ್ಮೆಲ್ಲರ ಮೇಲಿದೆ ಎಂದರೆ ತಪ್ಪಾಗಲಾರದು. ಸಾಮಾನ್ಯವಾದ ಗರ್ಭಕಂಠದ ಕ್ಯಾನ್ಸರು ಬರುವ ಮೊದಲು ಹಲವು ವರ್ಷ ಅದರ ಸುಳಿವು ಮೇಲಿನ ಪದರದಲ್ಲಿ ಇರುತ್ತದೆ. ಸ್ಮಿಯರ್ ಅದನ್ನು ಹಿಡಿದುಕೊಡುತ್ತದೆ. ನಮ್ಮ ಅಕ್ಕನಿಗೆ ಬಂದ ಜಾತಿಗೆ ಹಾಗೆ ಮುಂಚಿತವಾಗಿ ಸಿಗುವ ಸುಳಿವು ಕಡಿಮೆ. ಅದು ಮೇಲ್ಪದರದ ಕೆಳಗೆ ಅಡಗಿರಬಹುದು. ಒಂದು ಸ್ಮಿಯರಿಗೂ ಇನ್ನೊಂದಕ್ಕೂ ನಡುವೆಯೇ ಹುಟ್ಟಿ ಬೆಳೆದುಬಿಡಬಹುದು. "ಸ್ಮಿಯರ್ ಮಾಡಿಸುವುದು ತೊಂದರೆ ಏನೂ ಇಲ್ಲದವರಿಗೆ. ರಕ್ತ ಹೋಗ್ತಾ ಇರೋರಿಗೆ ಹಳೇ ಚೀಟಿ ಸಾಲದು, ಒಳಗೆ ನೋಡಲೇಬೇಕು" ಎಂದರು ಡಾಕ್ಟರು. ಈ ಮಾತನ್ನು ನೀವು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ಹೆಸರು ತಿಳಿದದ್ದರಿಂದ ಏನಾಯಿತು ಎಂದು ಕೇಳುತ್ತೀರಾ? ಚಿಕಿತ್ಸೆಯ ದಾರಿಯೇ ಬದಲಾಯಿತು. ಈ ಜಾತಿಯ ಕ್ಯಾನ್ಸರು ರಕ್ತದ ಮೂಲಕ ಬೇಗ ಬೇರೆ ಕಡೆ ಹೋಗುತ್ತದೆ. ಆದ್ದರಿಂದ ಮೊದಲು ಪೆಟ್ ಸ್ಕ್ಯಾನ್ ಮಾಡಿ ಶ್ವಾಸಕೋಶ, ಲಿವರ್, ಮೂಳೆ ಎಲ್ಲವನ್ನೂ ನೋಡಿದರು. ದೇವರ ದಯೆ, ಎಲ್ಲೂ ಹರಡಿರಲಿಲ್ಲ. ಗಡ್ಡೆ ಚಿಕ್ಕದಿದ್ದರೆ ಕ್ಯಾನ್ಸರ್ ಸರ್ಜನ್ನರು ದೊಡ್ಡ ಆಪರೇಷನ್ ಮಾಡಿ ಆಮೇಲೆ ಕಿಮೋ ಕೊಡುವುದುಂಟು. ಅಕ್ಕನ ಗಡ್ಡೆ ಸುಮಾರು 5 ಸೆಂಟಿಮೀಟರ್ ಇದ್ದುದರಿಂದ ಆಪರೇಷನ್ ಬೇಡವೆಂದು, ಸಿಸ್‌ಪ್ಲಾಟಿನ್, ಎಟೊಪೊಸೈಡ್ ಎಂಬ ಎರಡು ಔಷಧಿಗಳನ್ನು ಮೂರು ವಾರಕ್ಕೊಮ್ಮೆ ಕೊಟ್ಟರು. ಜೊತೆಗೆ ನಮ್ಮವರು ಕರೆಂಟ್ ಕೊಡುವುದು ಎನ್ನುತ್ತಾರಲ್ಲ, ಆ ರೇಡಿಯೇಷನ್ 25 ಸಲ; ಕೊನೆಯಲ್ಲಿ ಒಳಗಿನಿಂದ ಕೊಡುವ ರೇಡಿಯೇಷನ್. "ಕಾಯಿಲೆ ಏನೆಂದು ತಿಳಿಯದೆ ಬರೀ ಗರ್ಭಕೋಶ ತೆಗೆದು ಹೊಲಿದುಬಿಟ್ಟಿದ್ದರೆ ಆಮೇಲಿನ ಚಿಕಿತ್ಸೆ ಬಹಳ ತೊಡಕಾಗ್ತಿತ್ತು" ಎಂದು ಡಾಕ್ಟರು ಹೇಳಿದಾಗ ಭಾವನವರು ಕುರ್ಚಿಯಲ್ಲಿ ತಲೆತಗ್ಗಿಸಿ ಕುಳಿತರು. ಹೊರಗೆ ಬಂದು ನನ್ನ ಕಡೆ ತಿರುಗಿ, "ನಿನ್ನ ಮಗಳನ್ನ ಚೆನ್ನಾಗಿ ಓದಿಸಮ್ಮಾ" ಎಂದರು. ಅಷ್ಟೇ.

2024ರ ಫೆಬ್ರವರಿಯಿಂದ ಜೂನ್‌ವರೆಗೆ ಅಕ್ಕ ಪಟ್ಟ ಪಾಡನ್ನು ವರ್ಣಿಸಿ ನಿಮ್ಮನ್ನು ಹೆದರಿಸುವುದಿಲ್ಲ. ತಲೆಗೂದಲೆಲ್ಲ ಉದುರಿತು. ಸಾರಿನ ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತಿತ್ತು. ತಣ್ಣಗಿನ ಮಜ್ಜಿಗೆ ಅನ್ನ, ರಾಗಿ ಅಂಬಲಿ, ನಿಂಬೆಹಣ್ಣಿನ ಶರಬತ್ತು, ಇವೇ ಅವಳ ಊಟ. ಎಂದೂ ಒಲೆಯ ಹತ್ತಿರ ಸುಳಿಯದ ಭಾವನವರು ಗಂಟಿಲ್ಲದ ಹಾಗೆ ಅಂಬಲಿ ಕಾಸುವುದನ್ನು ಕಲಿತರು. "ಆ ಚೀಲ" ಎಂದಿದ್ದ ಅತ್ತೆಯವರೇ ರಾತ್ರಿಯೆಲ್ಲ ಕಾಲು ಒತ್ತುತ್ತಿದ್ದರು. ಖರ್ಚಿನ ಭಾರವನ್ನು ಬಿ.ಪಿ.ಎಲ್. ಕಾರ್ಡು ಬಹಳ ಮಟ್ಟಿಗೆ ಇಳಿಸಿತು. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರೂ ಅದರಲ್ಲಿ ಸೇರಿದೆ. ಆಸ್ಪತ್ರೆಗೆ ಹೊರಡುವಾಗ ರೇಷನ್ ಕಾರ್ಡು, ಆಧಾರ್ ಮರೆಯಬೇಡಿ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಸರ್ಕಾರದ ಕಿದ್ವಾಯಿ ಸಂಸ್ಥೆ ಇದೆ; ಕಲಬುರಗಿಯಲ್ಲೂ ಅದರ ಕೇಂದ್ರವಿದೆ.

ಇನ್ನೊಂದು ಮಾತು. ಈ ಕಾಯಿಲೆ ಬಂತೆಂದರೆ ಹೆಂಗಸಿನ ನಡತೆಯ ಮೇಲೆ ಸಂಶಯಪಡುವ ನಾಲಿಗೆಗಳು ಊರಿನಲ್ಲಿ ಇರುತ್ತವೆ. ಅಕ್ಕನ ಬೆನ್ನ ಹಿಂದೆಯೂ ಆಡಿಕೊಂಡರು. ಗರ್ಭಕಂಠದ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್.ಪಿ.ವಿ. ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಒಬ್ಬನೇ ಗಂಡನೊಡನೆ ಬಾಳುವೆ ಮಾಡಿದವಳಿಗೂ ಅದು ತಗುಲಬಹುದು. ಹೆಚ್ಚಿನವರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಕೆಡುಕು ಮಾಡುತ್ತದೆ. ಇದರಲ್ಲಿ ನಡತೆಯ ಮಾತು ಎಲ್ಲಿ ಬಂತು? ಅಕ್ಕನ ಜಾತಿಯ ಗಡ್ಡೆಗೂ ಹೆಚ್ಚಾಗಿ ಇದೇ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಮೂಲ. ಇವೆರಡನ್ನೂ ತಡೆಯುವ ಲಸಿಕೆ ಇದೆ. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು. 9ರಿಂದ 14 ವರ್ಷದ ಒಳಗೆ ಹಾಕಿಸುವುದು ಉತ್ತಮ. ನನ್ನ ಚಿಕ್ಕ ಮಗಳಿಗೆ 13 ತುಂಬಿದ ತಿಂಗಳೇ ಹಾಕಿಸಿದೆ. ಹಬ್ಬಕ್ಕೆ ರೇಷ್ಮೆ ಲಂಗ ಬೇಕೆಂದು ಹಟ ಮಾಡುತ್ತಿದ್ದಳು. "ಈ ವರ್ಷ ಸೂಜಿಯೇ ನಿನ್ನ ಲಂಗ" ಎಂದೆ!

2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1,27,000 ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು. ಹತ್ತಿರ ಹತ್ತಿರ 80,000 ಮಂದಿ ತೀರಿಕೊಂಡರು. ಅಕ್ಕನಿಗೆ ಬಂದದ್ದು ಅಪರೂಪದ ಜಾತಿ. ನಿಮಗೆ ಅದೇ ಬರುತ್ತದೆಂದು ಹೆದರಬೇಡಿ. ಆದರೆ ಅದರ ಮೊದಲ ಸೂಚನೆ ಬೇರೆ ಯಾವುದಕ್ಕಿಂತಲೂ ಭಿನ್ನವಲ್ಲ. ಮುಟ್ಟಿನ ನಡುವೆ ರಕ್ತ, ಗಂಡ ಹೆಂಡಿರು ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ವಾಸನೆಯ ಬಿಳಿಸೆರಗು. ಇವುಗಳಲ್ಲಿ ಒಂದು ಕಂಡರೂ "ವಯಸ್ಸು" ಎಂದು ಬಿಡಬೇಡಿ. ಡಾಕ್ಟರು ಪರೀಕ್ಷಿಸದೆ ಮಾತ್ರೆ ಬರೆದರೆ, "ಒಂದು ಸಲ ಒಳಗೆ ನೋಡಿ ಡಾಕ್ಟ್ರೇ" ಎಂದು ಬಾಯಿಬಿಟ್ಟು ಕೇಳಿ. ತೊಂದರೆ ಇಲ್ಲದಿದ್ದರೂ 30 ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ತಪಾಸಣೆ ಮಾಡಿಸಿಕೊಳ್ಳಿ. ಗರ್ಭಕೋಶ ತೆಗೆಯಬೇಕೆಂದರೆ, "ಯಾತಕ್ಕೆ? ಬಯಾಪ್ಸಿ ಆಯ್ತಾ?" ಎಂದು ಕೇಳಿ. ಕ್ಯಾನ್ಸರ್ ಎಂದು ಬಂದರೆ, "ಯಾವ ಜಾತಿಯದು?" ಎಂದು ಕೇಳಿ. ರಿಪೋರ್ಟಿನ ಕೊನೆಯ ಸಾಲನ್ನು ಓದಿ. ಇಂಗ್ಲಿಷ್ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳಿಂದಲೋ ಪಕ್ಕದ ಮನೆಯ ಹುಡುಗನಿಂದಲೋ ಓದಿಸಿ.

ಅಕ್ಕ ಈಗ ಹೇಗಿದ್ದಾಳೆ ಎಂದು ಕೇಳುವಿರಿ. ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಬೇಕು. ನಾಲ್ಕು ಸಲ ಹೋಗಿ ಬಂದಿದ್ದಾಳೆ, ನಾಲ್ಕು ಸಲವೂ ಏನೂ ಇಲ್ಲ ಎಂದಿದ್ದಾರೆ. ಇದು ತಿರುಗಿ ಬರುವ ಸ್ವಭಾವದ ಕಾಯಿಲೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅದಕ್ಕೇ ಪ್ರತಿ ಸಲವೂ ರಿಪೋರ್ಟ್ ಬರುವ ತನಕ ನಮ್ಮಿಬ್ಬರಿಗೂ ಅನ್ನ ಇಳಿಯುವುದಿಲ್ಲ. 2025ರ ಗೌರಿ ಹಬ್ಬಕ್ಕೆ ನಾನು ಬಾಗಿನ ತೆಗೆದುಕೊಂಡು ಹೋದಾಗ ಅಕ್ಕ ಆಗಲೇ ಸ್ನಾನ ಮಾಡಿ, ಮತ್ತೆ ಚಿಗುರಿದ ಗಿಡ್ಡ ಕೂದಲಿಗೆ ಹೂ ನಿಲ್ಲದೆ ಪಿನ್ನು ಸಿಕ್ಕಿಸಿಕೊಳ್ಳುತ್ತ ನಗುತ್ತಿದ್ದಳು. "ಇದನ್ನೆಲ್ಲ ಪತ್ರಿಕೆಗೆ ಬರಿ ಕಣೇ. ನನ್ನ ಹೆಸರೊಂದು ಹಾಕಬೇಡ" ಎಂದಳು.

ಹೆಸರು ಹಾಕಿಲ್ಲ. ಉಳಿದದ್ದನ್ನೆಲ್ಲ ಬರೆದಿದ್ದೇನೆ. ಐದನೆಯ ತಪಾಸಣೆ ಮುಂದಿನ ವಾರ. ನೀವು ಸಂಜೆ ದೀಪ ಹಚ್ಚುವಾಗ ಅವಳಿಗಾಗಿ ಒಂದು ಕ್ಷಣ ಬೇಡಿಕೊಳ್ಳಿ. ಆಮೇಲೆ ನಿಮ್ಮ ಅಕ್ಕನಿಗೋ ತಂಗಿಗೋ ಒಂದು ಫೋನ್ ಮಾಡಿ, "ಹೇಗಿದೀಯ?" ಎಂದಷ್ಟೇ ಕೇಳಿ ಬಿಡದೆ, ಇನ್ನೊಂದು ಸಲ ಕೇಳಿ.